ಪ್ಲಾಸ್ಟಿಕ್ ಯಂತ್ರಮಾನವನೂ ಅವನ ಅಚ್ಚೂ

ಗೌರಿ ಹುಣ್ಣಿಮೆ ಸಮೀಪಿಸಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಸಕ್ಕರೆ ಆರತಿಯ ಗೊಂಬೆಗಳು ಕಾಣಿಸಿಕೊಳ್ಳುತ್ತವೆ. ಮರದ ಅಚ್ಚಿನ ಹೋಳುಗಳನ್ನು ಬಿಗಿಯಾಗಿ ಕೂಡಿಸಿ ಕಟ್ಟಿ, ಹದವಾದ ಬಿಸಿ ಪಾಕವನ್ನು ಅದರ ಬಾಯಿಗೆ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆಯೋ ತೇರೋ ಹೊರಬರುತ್ತದೆ. ತಿನ್ನುವ ಮೊದಲು ಆ ಗೊಂಬೆಯ ಪಕ್ಕವನ್ನು ಬೆರಳಿನಿಂದ ಸವರಿ ನೋಡಬೇಕು. ತಲೆಯಿಂದ ಬುಡದವರೆಗೆ ಒಂದು ಸಣ್ಣ ಏಣು ಕೈಗೆ ತಾಕುತ್ತದೆ. ಅಚ್ಚಿನ ಹೋಳುಗಳು ಕೂಡಿದ್ದ ಗೆರೆಯೇ ಅದು. ಜಪಾನಿನಲ್ಲಿ 40 ವರ್ಷಗಳ ಹಿಂದೆ ತಯಾರಾದ ಪ್ಲಾಸ್ಟಿಕ್ ಯಂತ್ರಮಾನವನ ತೋಳಿನ ಮೇಲೂ ಇಂಥದೇ ಏಣು ಇರುತ್ತದೆ, ಕಾರಣವೂ ಅದೇ.

ಈ ಯಂತ್ರಮಾನವನು ಸಿದ್ಧವಾಗಿ ಅಂಗಡಿಗೆ ಬರುವವನಲ್ಲ. ಪೆಟ್ಟಿಗೆಯೊಳಗೆ ತೆಳುವಾದ ಪ್ಲಾಸ್ಟಿಕ್ ಚೌಕಟ್ಟುಗಳಿದ್ದು, ಬಳ್ಳಿಗೆ ಕಾಯಿ ಹತ್ತಿದಂತೆ ಅವುಗಳಿಗೆ ತಲೆ, ತೋಳು, ಕಾಲುಗಳ ಬಿಡಿ ಭಾಗಗಳು ಹತ್ತಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಏಣನ್ನು ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವ ಕೆಲಸ ಕೊಂಡವನದು. ಹಳೆಯ ಪೆಟ್ಟಿಗೆಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಅವರನ್ನು ಸದಾ ಕಾಡುವ ಪ್ರಶ್ನೆ ಒಂದೇ: ಇದನ್ನು ಕಟ್ಟಬೇಕೆ, ಮುಚ್ಚಿಯೇ ಇಡಬೇಕೆ? ಕಟ್ಟಿದರೆ ಬೆಲೆ ಇಳಿಯುತ್ತದೆ. ಕಟ್ಟದಿದ್ದರೆ ಮುಪ್ಪು ಪೆಟ್ಟಿಗೆಯೊಳಗೇ ಬರುತ್ತದೆ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯಬೇಕು.

ಸಕ್ಕರೆ ಪಾಕದ ಸ್ಥಾನದಲ್ಲಿ ಇಲ್ಲಿರುವುದು ಪಾಲಿಸ್ಟೈರೀನ್. ಇದರ ಕಾಳುಗಳನ್ನು 200 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ, ತಿರುಪಿನಂಥ ದಂಡದಿಂದ ಉಕ್ಕಿನ ಅಚ್ಚಿನೊಳಕ್ಕೆ ಬಲವಾಗಿ ನುಗ್ಗಿಸುತ್ತಾರೆ. ಅಚ್ಚಿನ ಮೈಯಲ್ಲಿ ಹರಿಯುವ ನೀರು ಅದನ್ನು ಬೇಗನೆ ತಣಿಸುತ್ತದೆ. ದ್ರವವು ಹರಿದುಬಂದ ಕಾಲುವೆಯೇ ಗಟ್ಟಿಯಾಗಿ ಚೌಕಟ್ಟಾಗುತ್ತದೆ. ಭಾಗಗಳನ್ನು ಅಚ್ಚಿನಿಂದ ಹೊರದಬ್ಬುವ ಮೊಳೆಗಳು ಒಳಮೈಯಲ್ಲಿ ದುಂಡಾದ ಗುರುತುಗಳನ್ನು ಬಿಡುತ್ತವೆ. ದಪ್ಪವಾದ ಭಾಗವು ಆರುವಾಗ ಒಳಕ್ಕೆ ಕುಗ್ಗಿ, ಮೇಲೆ ಸಣ್ಣ ತಗ್ಗು ಬೀಳುವುದೂ ಉಂಟು. ಅನುಭವಿಯು ಈ ಗುರುತುಗಳನ್ನು ಓದಿ ಅಚ್ಚು ಹೇಗಿದ್ದಿತೆಂದು ಊಹಿಸಬಲ್ಲನು.

ಉಕ್ಕಿನ ಅಚ್ಚನ್ನು ಕೊರೆಯುವುದು ಬಹಳ ವೆಚ್ಚದ ಕೆಲಸ. ಸಾವಿರ ಸಾವಿರ ಪೆಟ್ಟಿಗೆಗಳು ಮಾರಾಟವಾದರೆ ಮಾತ್ರ ಅದು ಗಿಟ್ಟುತ್ತದೆ. ಆದುದರಿಂದ ಮಾದರಿಗಳ ಚರಿತ್ರೆಯು ಬಹುಮಟ್ಟಿಗೆ ಅಚ್ಚುಗಳ ಚರಿತ್ರೆಯೇ. ಪ್ಲಾಸ್ಟಿಕ್ ಮಾದರಿಗಳು 1936ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಹೊರಟವು. ಅವು ಸೆಲ್ಯುಲೋಸ್ ಅಸಿಟೇಟಿನ ವಿಮಾನಗಳು. ಯಂತ್ರಮಾನವರ ಮಾದರಿಗೆ ಬೆಳೆ ಬಂದುದು ಜಪಾನಿನಲ್ಲಿ. ಅಲ್ಲಿ 1969ರಲ್ಲಿ ಇಮಾಯಿ ಎಂಬ ಸಂಸ್ಥೆ ದಿವಾಳಿಯಾದಾಗ ಅದರ ಕಾರ್ಖಾನೆಯೂ ಅಚ್ಚುಗಳೂ ಬಂದಾಯ್ ಸಂಸ್ಥೆಯ ಪಾಲಾದವು. 1979ರ ಏಪ್ರಿಲಿನಲ್ಲಿ ‘ಗಂಡಮ್’ ಎಂಬ ದೂರದರ್ಶನ ಧಾರಾವಾಹಿ ಆರಂಭವಾಯಿತು. ನೋಡುವವರು ಸಾಲದೆ 43 ಕಂತುಗಳಿಗೇ ಅದನ್ನು ಮೊಟಕುಗೊಳಿಸಿದರು. ಆದರೆ 1980ರ ಜುಲೈಯಲ್ಲಿ ಬಂದಾಯ್ ಅದರ ನಾಯಕ ಯಂತ್ರದ ಮಾದರಿಯನ್ನು 300 ಯೆನ್ ಬೆಲೆಗೆ ಹೊರತಂದಾಗ ಹುಡುಗರು ಅಂಗಡಿಗಳ ಮುಂದೆ ಸಾಲುಗಟ್ಟಿದರು! ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರವಿದು. ಮಾದರಿಯನ್ನು 144ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದುದರಿಂದ ಅದರ ಎತ್ತರ ಸುಮಾರು 12.5 ಸೆಂಟಿಮೀಟರ್. ಅಂಟಿಲ್ಲದೆ ಒತ್ತಿ ಕೂಡಿಸುವ, ಹಲವು ಬಣ್ಣಗಳ ಪ್ಲಾಸ್ಟಿಕ್ಕಿನಲ್ಲಿಯೇ ಎರೆದ ‘ಹೈ ಗ್ರೇಡ್’ ಮಾದರಿಗಳು 1990ರಲ್ಲಿ ಬಂದವು. ಅದಕ್ಕೆ ಹಿಂದಿನವುಗಳಲ್ಲಿ ಹಲವನ್ನು ಕಟ್ಟಲು ಅಂಟೂ ಬಣ್ಣವೂ ಬೇಕು.

ಅಂಟು ಎಂಬುದು ಇಲ್ಲಿ ಹೆಸರಿಗೆ ಮಾತ್ರ. ಪಾಲಿಸ್ಟೈರೀನಿನ ಅಣುಗಳು ಉದ್ದವಾದ ಸರಪಳಿಗಳು. ಬೇಯಿಸಿದ ಶಾವಿಗೆಯಂತೆ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಟಾಲ್ವೀನ್, ಬ್ಯೂಟೈಲ್ ಅಸಿಟೇಟ್ ಮೊದಲಾದ ದ್ರಾವಕಗಳು ತಾಕಿದೊಡನೆ ಈ ಹೆಣಿಗೆ ಸಡಿಲವಾಗುತ್ತದೆ. ಎರಡು ಭಾಗಗಳನ್ನು ಆಗ ಒತ್ತಿ ಹಿಡಿದರೆ ಈ ಕಡೆಯ ಎಳೆಗಳು ಆ ಕಡೆಯವುಗಳೊಡನೆ ತೊಡರಿಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಒಂದೇ ತುಂಡು. ಇದು ಅಂಟಿಗಿಂತ ಬೆಸುಗೆಯನ್ನೇ ಹೆಚ್ಚು ಹೋಲುತ್ತದೆ. ಕೀಲುಗಳಲ್ಲಿರುವ ಮೆದುವಾದ ಪಾಲಿಎಥಿಲೀನ್ ಬಿರಡೆಗಳಿಗೆ ಮಾತ್ರ ಈ ದ್ರಾವಕಗಳು ಹತ್ತುವುದಿಲ್ಲ. ಆದುದರಿಂದಲೇ ಕೀಲು ತಿರುಗುತ್ತದೆ. ದ್ರಾವಕದ ಆವಿ ತಲೆಗೂ ನರಗಳಿಗೂ ಕೆಡುಕು. ಕಿಟಕಿ ತೆರೆದು ಕೆಲಸ ಮಾಡಬೇಕು.

ಇನ್ನು ಮುಪ್ಪಿನ ವಿಷಯ. ಬಿಸಿಲಿನ ಅತಿನೇರಳೆ ಕಿರಣಗಳು ಪಾಲಿಸ್ಟೈರೀನಿನ ಸರಪಳಿಗಳನ್ನು ತುಂಡರಿಸುತ್ತವೆ. ಆಮ್ಲಜನಕವು ಅಲ್ಲಿ ಸೇರಿ ಬಿಳಿಯ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಪೆಡಸಾಗುತ್ತದೆ. ಒಳಗಿನಿಂದ ಬರುವ ಹಗೆಯೂ ಉಂಟು. ಮೆದುವಾದ ವಿನೈಲ್ ಕೊಳವೆಯೋ ಚಕ್ರದ ಪಟ್ಟಿಯೋ ಇದ್ದರೆ, ಅದನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ದ್ರವವು ವರ್ಷಗಳ ಮೇಲೆ ಹೊರಸೂಸಿ, ತಾಕಿದ ಪಾಲಿಸ್ಟೈರೀನನ್ನು ಕರಗಿಸಿ ತಿನ್ನುತ್ತದೆ. ಮುಚ್ಚಿದ ಪೆಟ್ಟಿಗೆ ಇದನ್ನು ತಡೆಯಲಾರದು. ತೆರೆದು ಅವನ್ನು ಬೇರೆ ಬೇರೆ ಚೀಲಗಳಲ್ಲಿಡುವುದೇ ದಾರಿ.

ನಮ್ಮ ಈ ತಾಲ್ಲೂಕುಗಳ ಬೇಸಿಗೆಯನ್ನು ಕಂಡು ಹೆದರಬೇಕಾದುದಿಲ್ಲ. ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿಯ ಹತ್ತಿರ. ಮೇ ತಿಂಗಳ 40 ಡಿಗ್ರಿ ಅದಕ್ಕೆ ಬಹುದೂರ. ಆದರೆ ಅಚ್ಚಿನಲ್ಲಿ ಬೇಗ ತಣಿದ ಭಾಗಗಳೊಳಗೆ ಒಂದು ಬಿಗುವು ಅಡಗಿರುತ್ತದೆ. ತಗಡಿನ ಸೂರಿನ ಕೆಳಗಿನ ಅಟ್ಟದಲ್ಲಿ, ಇಲ್ಲವೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ, ಭಾರ ಹೇರಿ ಇಟ್ಟರೆ ತೆಳು ಭಾಗಗಳು ಮೆಲ್ಲನೆ ಬಾಗುತ್ತವೆ. ಮಣ್ಣಿನ ಮಾಳಿಗೆ ಮನೆಯ ನಡುಕೋಣೆಯಂಥ ಜಾಗ ಇವುಗಳಿಗೆ ಬೇರೊಂದಿಲ್ಲ. ಒಣಹವೆಯ ಬಯಲುಸೀಮೆಯು ರಟ್ಟಿನ ಪೆಟ್ಟಿಗೆಗೂ ಕಾಗದದ ಚಿತ್ರಗಳಿಗೂ ಮಲೆನಾಡು, ಕರಾವಳಿಗಳಿಗಿಂತ ಹಿತ. ಬೂಷ್ಟು ಹಿಡಿಯುವುದು ಕಡಿಮೆ. ಗೆದ್ದಲಿನ ಮಾತು ಬೇರೆ!

ಹಾಗಾದರೆ ಕಟ್ಟಬೇಕೆ? ಅಚ್ಚು ಉಳಿದಿರುವ ಮಾದರಿಯನ್ನು ಕಟ್ಟುವುದಕ್ಕೆ ಹಿಂಜರಿಯಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. 1980ರ ಗಂಡಮ್ ಮಾದರಿಯನ್ನು ಬಂದಾಯ್ ಎಷ್ಟೋ ಸಲ ಮರಳಿ ಎರೆದು ಮಾರಿದೆ. 1982ರ ‘ಮಾಕ್ರಾಸ್’ ಧಾರಾವಾಹಿಗೆ ಇಮಾಯಿ ಮತ್ತು ಆರೀ ಸಂಸ್ಥೆಗಳು ಕೊರೆಸಿದ ಅಚ್ಚುಗಳಲ್ಲಿ ಹಲವು ಮುಂದೆ ಅದರ ಕೈಸೇರಿ, ಅದರ ಹೆಸರಿನಲ್ಲಿಯೇ ಹೊರಬಂದವು. ಅಮೆರಿಕದ ರೆವೆಲ್ ಸಂಸ್ಥೆಯಂತೂ 1984ರಲ್ಲಿ ಬೇರೆ ಬೇರೆ ಜಪಾನೀ ಧಾರಾವಾಹಿಗಳ ಮಾದರಿಗಳನ್ನು ‘ರೋಬೊಟೆಕ್ ಡಿಫೆಂಡರ್ಸ್’ ಎಂಬ ಒಂದೇ ಹೆಸರಿನಡಿ ಮಾರಿತು. ಅಚ್ಚು ಹಾಳಾದ ಮಾದರಿಯಾದರೆ, ಕಟ್ಟುವ ಮೊದಲು ಪ್ರತಿಯೊಂದು ಚೌಕಟ್ಟನ್ನೂ ಅಳತೆಪಟ್ಟಿಯ ಜೊತೆಗಿಟ್ಟು ಛಾಯಾಚಿತ್ರ ತೆಗೆದಿಡುವುದು ಲೇಸು.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ವರ್ಷವನ್ನು ನಂಬಿ ಮೋಸಹೋಗಬಾರದು. ಅದು ಹಕ್ಕುಸ್ವಾಮ್ಯದ ವರ್ಷ. ನಿನ್ನೆ ಎರೆದ ಪೆಟ್ಟಿಗೆಯ ಮೇಲೂ ಅದೇ ಇರಬಹುದು. ಸಂಸ್ಥೆಯ ಹೆಸರನ್ನು ನೋಡಬೇಕು. ಮಾದರಿಗಳನ್ನು ಮಾಡುತ್ತಿದ್ದ ಬಂದಾಯ್ ಮೊಕೆಯ್ ಎಂಬ ಅಂಗಸಂಸ್ಥೆ 1983ರಲ್ಲಿ ಬಂದಾಯ್‌ನಲ್ಲಿ ವಿಲೀನವಾಯಿತು. 2018ರಿಂದ ಈ ಕೆಲಸ ಬಂದಾಯ್ ಸ್ಪಿರಿಟ್ಸ್ ಎಂಬ ಸಂಸ್ಥೆಯದು. ಪೆಟ್ಟಿಗೆಯ ಮೇಲೆ 1980 ಎಂದಿದ್ದು ಪಕ್ಕದಲ್ಲಿ ಸ್ಪಿರಿಟ್ಸ್ ಎಂದಿದ್ದರೆ, ಹಳೆಯ ಬೆಲೆ ಕೊಡದೆ ಕೊಂಡು, ಅರ ಮತ್ತು ಅಂಟನ್ನು ಕೈಗೆತ್ತಿಕೊಳ್ಳಬಹುದು.