ಒಂದೇ ಕಟಾ, ಬೇರೆ ಬೇರೆ ವರಸೆ

ಕೊಹಿನೂರ ಕಡೆಯ ಹುಡುಗಿಯೊಬ್ಬಳು ಹುಮನಾಬಾದಿನಲ್ಲಿ ಕರಾಟೆ ಕಲಿತು ಬೀದರಿನ ಸ್ಪರ್ಧೆಗೆ ಹೋದಳೆನ್ನಿ. ತಾನು ‘ಹೆಯಾನ್ ನಿದಾನ್’ ಎಂದು ಕಲಿತ ಕಟಾವನ್ನೇ ಇನ್ನೊಂದು ಕ್ಲಾಸಿನವಳು ‘ಪಿನಾನ್ ಶೋದಾನ್’ ಎನ್ನುತ್ತಾಳೆ. ಇವಳು ಹಿಂಗಾಲಿನ ಮೇಲೆ ಭಾರ ಹಾಕಿ ಉದ್ದಕ್ಕೆ ನಿಂತರೆ, ಅವಳು ಕಾಲು ಹತ್ತಿರ ತಂದು ಬೆಕ್ಕಿನಂತೆ ತುದಿಗಾಲಿಡುತ್ತಾಳೆ. ಯಾರ ಮಾಸ್ತರು ತಪ್ಪು ಕಲಿಸಿದ್ದಾರೆ?

ಯಾರೂ ಇಲ್ಲ.

ಎದುರಾಳಿಯಿಲ್ಲದೆ, ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ತಡೆ, ಹೊಡೆತ, ಒದೆತಗಳ ಸರಣಿಯೇ ಕಟಾ. ಇವುಗಳಲ್ಲಿ ಎಷ್ಟೋ ಕಟಾಗಳು ಈಗಿನ ಶೈಲಿಗಳಿಗಿಂತ ಹಳೆಯವು. ಪಿನಾನ್ ಎಂಬ ಐದು ಕಟಾಗಳನ್ನು 20ನೇ ಶತಮಾನದ ಆರಂಭದಲ್ಲಿ ಓಕಿನಾವಾದ ಇತೊಸು ಅಂಕೊ ಶಾಲಾ ಮಕ್ಕಳಿಗಾಗಿ ಹೊಂದಿಸಿದರು. ಇತೊಸು ಅವರ ಶಿಷ್ಯ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೋಗೆ ಹೋದರು. ಮುಂದೆ ಪಿನಾನ್ ಅನ್ನು ‘ಹೆಯಾನ್’ ಎಂದು ಕರೆದರು. ಎರಡನೆಯದು ಕಲಿಯಲು ಸುಲಭವೆಂದು ಮೊದಲಿಗೆ ತಂದರು. ಅವರ ಪರಂಪರೆ ಶೋಟೋಕಾನ್. ಹಳೆಯ ಪಾಠದ ಮುಂದೊದೆತ ಕೆಲವು ಕಡೆ ಇಲ್ಲಿ ಪಕ್ಕದೊದೆತವಾಗಿದೆ. ಅದು ನೋಡಲು ಚೆಂದ; ಆದರೆ ಹಳೆಯದೇ ಸರಳ ಎನ್ನುವವರ ವಾದದಲ್ಲೂ ಹುರುಳಿದೆ.

ಇತೊಸು ಅವರ ಇನ್ನೊಬ್ಬ ಶಿಷ್ಯ ಮಬುನಿ ಕೆನ್ವಾ ಹಳೆಯ ಹೆಸರು, ಹಳೆಯ ಕ್ರಮ ಎರಡನ್ನೂ ಉಳಿಸಿಕೊಂಡು ಶಿಟೊ ರಿಯು ಶೈಲಿಯನ್ನು ಕಟ್ಟಿದರು. ಅವರು ಹಿಗಾವೊನ್ನಾ ಕಾನ್ರಿಯೊ ಎಂಬ ಇನ್ನೊಬ್ಬ ಗುರುವಿನ ಬಳಿಯೂ ಕಲಿತಿದ್ದರು. ಹಾಗಾಗಿ ಹಿಗಾವೊನ್ನಾ ಶಿಷ್ಯ ಮಿಯಾಗಿ ಚೋಜುನ್ ಕಟ್ಟಿದ ಗೋಜು ರಿಯುವಿನ ಸಾಂಚಿನ್, ಸೆಯೆಂಚಿನ್ ಕಟಾಗಳೂ ಶಿಟೊದಲ್ಲಿ ಸಿಗುತ್ತವೆ. ಗೋಜು ರಿಯುವಿನಲ್ಲಿ ಮಾತ್ರ ಪಿನಾನ್‌ಗಳಿಗೆ ಜಾಗವಿಲ್ಲ.

ಒಂದೇ ಪಾಠ ಬೇರೆ ಬೇರೆ ರೂಪ ತಾಳುವುದು ಕಲ್ಯಾಣದ ಸೀಮೆಯವರಿಗೆ ತೀರ ಹೊಸತಲ್ಲ. ಇಲ್ಲಿನ ಶರಣರ ಸಂವಾದವನ್ನೇ ಹೇಳುವ ‘ಶೂನ್ಯಸಂಪಾದನೆ’ ನಾಲ್ವರು ಸಂಪಾದಕರ ಕೈಯಲ್ಲಿ ನಾಲ್ಕು ರೂಪ ತಾಳಿದೆ.

ಕಟಾಗಳ ಹೆಸರಿನ ಗೊಂದಲಕ್ಕೆ ಕುಶಾಂಕು ಒಳ್ಳೆಯ ಉದಾಹರಣೆ. ಓಕಿನಾವಾಕ್ಕೆ ಬಂದಿದ್ದ ಚೀನೀಯನೊಬ್ಬನ ಹೆಸರು ಹೊತ್ತ ಈ ಕಟಾ ಶೋಟೋಕಾನ್‌ನಲ್ಲಿ ಕಾಂಕು ದಾಯ್, ಶಿಟೊದಲ್ಲಿ ಕೊಸೊಕುನ್ ದಾಯ್. ವಿಶ್ವ ಕರಾಟೆ ಫೆಡರೇಷನ್ನಿನ ಅಧಿಕೃತ ಪಟ್ಟಿಯಲ್ಲಿ ಇವು ಬೇರೆ ಬೇರೆ ಕಟಾಗಳಾಗಿಯೇ ಇವೆ. ಸ್ಪರ್ಧೆಯಲ್ಲಿ ತಮ್ಮ ಶೈಲಿ ಕಲಿಸಿದ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಅವಕಾಶವಿದೆ. ಆದರೆ ಒಂದರ ಹೆಸರು ಕೂಗಿ ಇನ್ನೊಂದನ್ನು ಮಾಡಿದರೆ ಅನರ್ಹತೆ.