ಬೈಲಕುಪ್ಪೆಯ ಹೊಲಗಳು

ಬನಶಂಕರಿಯ ನಮ್ಮ ಮನೆಯಿಂದ ಮಡಿಕೇರಿಗೆ ಹೊರಟಾಗಲೆಲ್ಲ ಕುಶಾಲನಗರಕ್ಕೆ ಮೊದಲೇ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇಳಿಯುವುದು ನಮ್ಮ ರೂಢಿ. ಪ್ರವಾಸಿಗರು ಹೊನ್ನಬಣ್ಣದ ಬುದ್ಧಮೂರ್ತಿಗಳನ್ನು ಕಂಡು ಮರಳುತ್ತಾರೆ. ನಮ್ಮ ದೃಷ್ಟಿ ಹರಿಯುವುದು ಹೊಲಗಳತ್ತ.

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮರುವರ್ಷ, ಅಂದಿನ ಮೈಸೂರು ರಾಜ್ಯವು ಟಿಬೆಟಿನ ನಿರಾಶ್ರಿತರಿಗೆ ಇಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. ಭೂಮಿಯೆಂದರೆ ಕಾಡು. ಹಿಮನಾಡಿನ ಕುಟುಂಬಗಳು ಗುಡಾರಗಳಲ್ಲಿ ವಾಸವಿದ್ದು ಮರ ಕಡಿದರು. ಬಿಸಿಲಿಗೂ ರೋಗಕ್ಕೂ ಅನೇಕರು ಬಲಿಯಾದರು. ಬೆಳೆದ ಪೈರನ್ನು ಕಾಡಾನೆಗಳು ತುಳಿದವು. ಬಾರ್ಲಿ ಬಿತ್ತಿದ ಕೈಗಳು ಮುಸುಕಿನ ಜೋಳವನ್ನು ಬಿತ್ತಲು ಕಲಿತವು, ಸಹಕಾರ ಸಂಘವನ್ನು ಕಟ್ಟಿದವು. 1963ರಲ್ಲಿ ನಾಮ್‌ದ್ರೋಲಿಂಗ್ ಮಠ, 1970ರಲ್ಲಿ ಸೆರಾ ಮಠ ಇಲ್ಲಿ ತಲೆಯೆತ್ತಿದವು. ಮಠದ ಅನ್ನವುಂಡು ಅಕ್ಷರ ಕಲಿತ ನಮಗೆ ಅಲ್ಲಿನ ಕಿರಿಯ ಭಿಕ್ಷುಗಳ ಕಂಠಪಾಠ ಪರಕೀಯವೆನಿಸಲಿಲ್ಲ. ಎಸ್. ನಿಜಲಿಂಗಪ್ಪನವರ ಹೆಸರನ್ನು ಈ ಜನ ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ.

ಆದರೆ ಕಾಡು ಕಡಿದವರ ಮೊಮ್ಮಕ್ಕಳು ಅಮೆರಿಕ, ಕೆನಡಾಗಳ ಹಾದಿ ಹಿಡಿದಿದ್ದಾರೆ. ಜಪಮಾಲೆ ಎಣಿಸುತ್ತಿದ್ದ ವೃದ್ಧರೊಬ್ಬರು ಕನ್ನಡದಲ್ಲಿಯೇ, "ಮಗ ಟೊರಾಂಟೊದಲ್ಲಿ, ಹೊಲ ಗುತ್ತಿಗೆಗೆ" ಎಂದರು. ನಮ್ಮ ಮಗನೂ ಹೊರದೇಶದಲ್ಲಿರುವನೆಂದು ಹೇಳಿದೆವು. ಅವರು ಬೆಣ್ಣೆಚಹಾ ತರಿಸಿದರು.