ಮಗ್ಗ ನಾರಾಯಣಪೇಟೆಯಲ್ಲಿ, ಗಿರಾಕಿ ಫೋನಿನಲ್ಲಿ

ರಾಯಚೂರು, ಯಾದಗಿರಿ ಕಡೆ ಮದುವೆಯ ಜವಳಿ ತೆಗೆಯುವ ಮಾತು ಬಂತೆಂದರೆ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಬರುವ ಹೆಸರುಗಳು ಎರಡು-ಮೂರೇ. ಒಂದು ಇಳಕಲ್ಲು, ಇನ್ನೊಂದು ನಾರಾಯಣಪೇಟೆ, ಮತ್ತೊಂದು ಗದ್ವಾಲ. ಮೊದಲನೆಯದು ನಮ್ಮ ರಾಜ್ಯದಲ್ಲಿದೆ, ಉಳಿದೆರಡು ಗಡಿಯಾಚೆ ಇವೆ. ಆದರೆ ಈ 'ಆಚೆ' ಎಂಬುದು ನಕ್ಷೆಯ ಮಾತು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಯಾದಗಿರಿ ಜಿಲ್ಲೆಯ ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ 'ನಾರಾಯಣಪೇಟ ರೋಡ್' ಎಂದೇ ಹೆಸರಿತ್ತು. ರಾಯಚೂರಿನಿಂದ ಮಹಬೂಬನಗರಕ್ಕೆ ಹೋಗುವ ಹೆದ್ದಾರಿ ಮಕ್ತಲ್ ಮೇಲೆಯೇ ಹಾಯುತ್ತದೆ. ಈ ಮೂರೂ ಊರುಗಳ ಪೇಟೆಯಲ್ಲಿ ತೆಲುಗಿನ ಜೊತೆ ಕನ್ನಡ ಇಂದಿಗೂ ನಡೆಯುವ ನಾಣ್ಯ.

ಹಾದಿ ಹಳೆಯದೇ ಇದೆ. ಬದಲಾದದ್ದು ಗಿರಾಕಿ ಹೊರಡುವ ಕ್ರಮ. ಬಸ್ಸು ಹತ್ತುವ ಮೊದಲು ಮನೆಯ ಮಗಳೋ ಸೊಸೆಯೋ ಫೋನು ತೆಗೆದು ಹುಡುಕುತ್ತಾಳೆ. ಅಲ್ಲಿ ಕಂಡದ್ದು ಮನಸ್ಸಿಗೆ ಬಂದರೆ ಬಸ್ಸು ಹತ್ತುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ ಈ ಊರುಗಳ ಅಂಗಡಿಯವರು, ಕೆಲವು ನೇಕಾರ ಕುಟುಂಬದವರು ಸಹ, ತಮ್ಮದೊಂದು ವೆಬ್‌ಸೈಟ್ ಇರಲಿ ಎಂದು ಮಾಡಿಸಿಕೊಂಡಿದ್ದಾರೆ. ಮಾಡಿಸಿದ ಮೇಲೆ ಏನಾಯಿತು ಎಂದು ಕೇಳಿದರೆ ಒಬ್ಬರು ಹೇಳಿದ ಮಾತು ಎಲ್ಲರ ಮಾತೂ ಆಗಿತ್ತು: "ಮಾಡಿಸೀವ್ರಿ, ರೊಕ್ಕಾನೂ ಕೊಟ್ಟೀವಿ. ಆದ್ರ ಅದನ್ನ ನೋಡಿ ಬಂದೀನಿ ಅನ್ನೋ ಗಿರಾಕಿ ಇನ್ನೂ ಬಂದಿಲ್ಲ."

ಇದು ಬರೀ ವ್ಯಾಪಾರದ ಪ್ರಶ್ನೆಯಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ಕೈಮಗ್ಗ ಕೆಲಸಗಾರರು ಸುಮಾರು 35 ಲಕ್ಷ. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡರಷ್ಟರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಗಿರಾಕಿ ದಾರಿ ತಪ್ಪಿದರೆ ಪೆಟ್ಟು ಬೀಳುವುದು ಕೊನೆಗೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರಿಗೇ. ಆದ್ದರಿಂದ ಇಂಥ ತಾಣಗಳಲ್ಲಿ ಎಲ್ಲಿ ಕೊರತೆ ಇದೆ ಎಂದು ಕೆಲ ದಿನ ಕೂತು, ಸೀರೆ ಕೊಳ್ಳುವವರ ಕಣ್ಣಿನಿಂದಲೇ ನೋಡಿದೆ. ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಹೆಸರಿನಲ್ಲೇ ಗೊಂದಲ

ಮೊದಲ ತೊಡಕು ಹೆಸರಿನದು. ನಾವು ನಾರಾಯಣಪೇಟೆ ಎನ್ನುತ್ತೇವೆ, ತೆಲುಗಿನವರು ನಾರಾಯಣಪೇಟ ಎನ್ನುತ್ತಾರೆ, ಮಹಾರಾಷ್ಟ್ರದವರು ನಾರಾಯಣಪೇಠ ಎಂದು ಕರೆಯುತ್ತಾರೆ. ಪುಣೆ ನಗರದಲ್ಲಿ ನಾರಾಯಣ ಪೇಠ ಎಂಬ ಬಡಾವಣೆಯೇ ಉಂಟು. ಈ ಹೆಸರು ಬರೆದು ಹುಡುಕಿದವರು ಪುಣೆಯ ಓಣಿಯಲ್ಲಿ ಹೋಗಿ ನಿಂತರೆ ಅವರದೇನು ತಪ್ಪು? ಗದ್ವಾಲವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಆಚೀಚೆ ಆದರೆ ಹಿಮಾಲಯದ ಗಢವಾಲ ಎದುರಾಗುತ್ತದೆ. ಮಕ್ತಲ್ ಎಂಬುದನ್ನಂತೂ ಮೂರು-ನಾಲ್ಕು ಬಗೆಯಲ್ಲಿ ಬರೆಯುವುದು ರೂಢಿ.

ಪರಿಹಾರ ಸುಲಭ. ತಾಣದ ತಲೆಬರಹದಲ್ಲೇ ಊರು, ಜಿಲ್ಲೆ, ರಾಜ್ಯ, ಮಾರುವ ಸರಕು ನಾಲ್ಕೂ ಇರಬೇಕು. 'ನಮ್ಮ ಮನೆಗೆ ಸ್ವಾಗತ' ಎಂದು ಬರೆದರೆ ಹುಡುಕುವ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. 'ನಾರಾಯಣಪೇಟೆ ಕೈಮಗ್ಗದ ಸೀರೆ, ನಾರಾಯಣಪೇಟ ಜಿಲ್ಲೆ, ತೆಲಂಗಾಣ' ಎಂದರೆ ಎಲ್ಲವೂ ತಿಳಿಯುತ್ತದೆ. ಹೆಸರಿನ ಬೇರೆ ಬೇರೆ ರೂಪಗಳನ್ನೂ ಒಳಗಿನ ಬರಹದಲ್ಲಿ ಸಹಜವಾಗಿ ಬಳಸಬೇಕು.

ವಿಳಾಸವನ್ನೂ ನೋಡಿಕೊಳ್ಳಬೇಕು. ತೆಲಂಗಾಣ ರಾಜ್ಯವಾದದ್ದು 2014ರ ಜೂನ್ 2ರಂದು. ಜೋಗುಳಾಂಬ ಗದ್ವಾಲ ಜಿಲ್ಲೆಯಾದದ್ದು 2016ರ ಅಕ್ಟೋಬರಿನಲ್ಲಿ. ನಾರಾಯಣಪೇಟ ಜಿಲ್ಲೆಯಾದದ್ದು 2019ರ ಫೆಬ್ರವರಿಯಲ್ಲಿ. ಹೀಗಿದ್ದೂ 'ಮಹಬೂಬನಗರ ಜಿಲ್ಲೆ, ಆಂಧ್ರಪ್ರದೇಶ' ಎಂಬ ಹಳೆಯ ವಿಳಾಸವನ್ನೇ ಇಟ್ಟುಕೊಂಡರೆ ನೋಡಿದವರಿಗೆ ಅಂಗಡಿ ಇದೆಯೋ ಮುಚ್ಚಿದೆಯೋ ಎಂಬ ಸಂಶಯ ಬರುವುದು ಸಹಜ. ಇನ್ನೊಂದು ಮಾತು: ವಿಳಾಸ, ಫೋನ್ ನಂಬರನ್ನು ಬಣ್ಣದ ಚಿತ್ರದೊಳಗೆ ಬರೆಸದೆ ಅಕ್ಷರದಲ್ಲೇ ಕೊಡಬೇಕು. ಬೆರಳಿಟ್ಟರೆ ಕರೆ ಹೋಗಬೇಕು.

ಇದರ ಜೊತೆಗೆ ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ನಮೂದಿಸುವ ಕೆಲಸವಿದೆ. ಇದಕ್ಕೆ ಗೂಗಲ್ ಕಂಪನಿ ಹಣ ಕೇಳುವುದಿಲ್ಲ. ತಾಣದಲ್ಲಿರುವ ಹೆಸರು, ವಿಳಾಸ, ನಂಬರುಗಳೇ ನಕ್ಷೆಯಲ್ಲೂ ಇರಬೇಕು. ಹೆದ್ದಾರಿಯ ಮೇಲಿನ ಮಕ್ತಲ್‌ನಂಥ ಊರಿಗೆ ಇದು ಬಹಳ ಮುಖ್ಯ. ಪಡಮಟಿ ಆಂಜನೇಯನ ದರ್ಶನಕ್ಕೆ ಬಂದವರು 'ಹತ್ತಿರದಲ್ಲಿ ಸೀರೆ ಅಂಗಡಿ' ಎಂದು ಹುಡುಕಿದಾಗ ಕಣ್ಣಿಗೆ ಬೀಳುವುದು ನಕ್ಷೆಯಲ್ಲಿ ಇರುವ ಅಂಗಡಿ ಮಾತ್ರ.

ಗಲ್ಲಾದ ಮುಂದಿನ ಪ್ರಶ್ನೆಗಳು

ಅಂಗಡಿಗೆ ಬಂದ ಗಿರಾಕಿ ಏನೇನು ಕೇಳುತ್ತಾಳೆ? ಇದು ಕೈಮಗ್ಗದ್ದಾ, ಪವರ್‌ಲೂಮಿಂದಾ? ಹತ್ತಿಯಾ, ರೇಷ್ಮೆಯಾ? ಬಣ್ಣ ಬಿಡ್ತದೇನು? ಉದ್ದ ಎಷ್ಟು, ರವಿಕೆ ಕಣ ಐತೇನು? ಇಷ್ಟ್ಯಾಕ ತುಟ್ಟಿ? ಹಿಡಿಸದಿದ್ರ ವಾಪಸ್ ತಗೋತೀರೇನು? ಅಂಗಡಿಯವರು ಇವಕ್ಕೆಲ್ಲ ದಿನಾ ಉತ್ತರ ಕೊಡುತ್ತಾರೆ. ಆದರೆ ಅದೇ ಅಂಗಡಿಯ ತಾಣದಲ್ಲಿ ಈ ಉತ್ತರಗಳೇ ಇಲ್ಲ! ಅಲ್ಲಿರುವುದು 'ಉತ್ತಮ ಗುಣಮಟ್ಟ, ಯೋಗ್ಯ ದರ' ಎಂಬ ಎಲ್ಲರೂ ಬರೆಯುವ ಮಾತು. ತಾಣವನ್ನು ಸುಧಾರಿಸುವುದೆಂದರೆ ಮೊದಲು ಈ ಆರು ಪ್ರಶ್ನೆಗಳಿಗೆ ನಿಜವಾದ ಉತ್ತರ ಬರೆಯುವುದು. ಉಳಿದ ಅಲಂಕಾರವೆಲ್ಲ ಆಮೇಲಿನದು.

'ಯಾಕ ತುಟ್ಟಿ' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿಗೊಂದು, ಅಂಚುಗಳಿಗೆ ಬೇರೆ ಹೀಗೆ ಲಾಳಿಗಳು ಓಡುತ್ತವೆ. ಪ್ರತಿ ಎಳೆಯಲ್ಲೂ ಹತ್ತಿ ಮತ್ತು ರೇಷ್ಮೆಯ ಹೊಕ್ಕನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಇದಕ್ಕೆ ಕುಪ್ಪಡಂ ಎಂದು ಹೆಸರು. ನಾರಾಯಣಪೇಟೆಯದು ಚೌಕಡಿಯ ಒಡಲು, ಎದ್ದು ಕಾಣುವ ಬೇರೆ ಬಣ್ಣದ ಅಂಚು, ಅಂಚಿನಗುಂಟ ಗೋಪುರದ ಸಾಲು. ಇದನ್ನು ನಾಲ್ಕು ಸಾಲಿನಲ್ಲಿ ಬರೆದು, ನೂಲಿಗೆಷ್ಟು, ಜರಿಗೆಷ್ಟು, ಕೂಲಿಗೆಷ್ಟು, ನೇಯಲು ಎಷ್ಟು ದಿನ ಎಂದು ಕೊಟ್ಟುಬಿಟ್ಟರೆ ಚೌಕಾಶಿಯ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಗದ್ವಾಲ ಸೀರೆಗೆ 2010-11ರ ಸಾಲಿನಲ್ಲಿ, ನಾರಾಯಣಪೇಟೆ ಕೈಮಗ್ಗದ ಸೀರೆಗೆ 2012-13ರ ಸಾಲಿನಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಬೇರೆಲ್ಲೋ ಯಂತ್ರದ ಮಗ್ಗದಲ್ಲಿ ನೇಯ್ದ ಬಟ್ಟೆ ಇದೇ ಹೆಸರಿನಲ್ಲಿ ಅರ್ಧ ಬೆಲೆಗೆ ಬಿಕರಿಯಾಗುವಾಗ ನಿಜವಾದ ನೇಕಾರನ ಕೈಯಲ್ಲಿರುವ ಆಯುಧ ಇದೊಂದೇ. ಆದರೆ ಜಿಐ ಚಿಹ್ನೆಯನ್ನು ಮೂಲೆಯಲ್ಲಿ ಅಂಟಿಸಿದರೆ ಸಾಲದು. ಅದನ್ನು ಬಳಸಲು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು, ಆ ನೋಂದಣಿಯ ವಿವರವನ್ನು ತಾಣದಲ್ಲಿ ಹಾಕಬೇಕು. ಕೈಮಗ್ಗದ ಮುದ್ರೆ, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದ್ದರೆ ಅವನ್ನೂ ತೋರಿಸಬೇಕು. ಪವರ್‌ಲೂಮ್ ಸೀರೆಯನ್ನೂ ಮಾರುತ್ತಿದ್ದರೆ ಅದನ್ನು ಬೇರೆ ಪುಟದಲ್ಲಿ, ಅದೇ ಹೆಸರಿನಲ್ಲಿ ಇಡಬೇಕು. ಎರಡನ್ನೂ ಬೆರೆಸಿದ ದಿನ ನಂಬಿಕೆ ಹೋಯಿತೆಂದೇ ಅರ್ಥ.

ನಕಲು ಮಾಡಿದ ಇತಿಹಾಸ

ಹಲವು ತಾಣಗಳಲ್ಲಿ ಒಂದೇ ಕಥೆ ಅಕ್ಷರ ಬದಲಾಗದೆ ಕೂತಿದೆ: 1630ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ನಾರಾಯಣಪೇಟೆಯಲ್ಲಿ ಬೀಡು ಬಿಟ್ಟರು, ಜೊತೆಗೆ ಬಂದಿದ್ದ ನೇಕಾರರು ಇಲ್ಲೇ ಉಳಿದರು ಎಂದು. ಶಿವಾಜಿ ಮಹಾರಾಜರ ಜಯಂತಿ ಆಚರಿಸುವುದೇ 1630ರ ಫೆಬ್ರವರಿ 19ರ ಲೆಕ್ಕದಲ್ಲಿ. ಅವರು ಗೋಲ್ಕೊಂಡಕ್ಕೆ, ಅಲ್ಲಿಂದ ದಕ್ಷಿಣಕ್ಕೆ ದಂಡೆತ್ತಿ ಬಂದದ್ದು 1677ರಲ್ಲಿ. ತೊಟ್ಟಿಲ ಕೂಸು ದಂಡು ತಂದು ಬೀಡು ಬಿಟ್ಟೀತೆ? ನಾರಾಯಣಪೇಟೆ ಸೀರೆಗೆ ಮಹಾರಾಷ್ಟ್ರ ದೊಡ್ಡ ಮಾರುಕಟ್ಟೆ. ಸೊಲ್ಲಾಪುರ, ಪುಣೆಯ ಗಿರಾಕಿ ಈ ಇಸವಿ ನೋಡಿ ನಕ್ಕರೆ ಸೀರೆಯ ಬಗ್ಗೆ ಬರೆದದ್ದನ್ನೂ ನಂಬುವುದಿಲ್ಲ. 'ಹಿರಿಯರು ಹೀಗೆ ಹೇಳುತ್ತಾರೆ' ಎಂದು ಇಸವಿ ಬಿಟ್ಟು ಬರೆದರೆ ಯಾರ ಆಕ್ಷೇಪವೂ ಇಲ್ಲ.

ಗದ್ವಾಲದಿಂದ ತಿರುಮಲದ ಬ್ರಹ್ಮೋತ್ಸವಕ್ಕೆ ಪ್ರತಿವರ್ಷ ಏರುವಾಡ ಜೋಡು ಪಂಚೆ ಹೋಗುವುದು ಸಂಸ್ಥಾನದ ಕಾಲದಿಂದ ನಡೆದುಬಂದ ಪದ್ಧತಿ. ಊರಿನ ಹೆಮ್ಮೆಯಾಗಿ ಅದನ್ನು ಬರೆಯಲಿ. ಆದರೆ ತಮ್ಮ ಮಗ್ಗದಲ್ಲಿ ಅದನ್ನು ನೇಯದವರು ನೇಯ್ದಂತೆ ಬರೆಯಬಾರದು. ನಕಲು ಕಥೆಗಿಂತ ತಮ್ಮ ಅಜ್ಜ ಯಾವ ಓಣಿಯಲ್ಲಿ ಮಗ್ಗ ಹಾಕಿದ, ಇಂದು ಎಷ್ಟು ಮಗ್ಗ ನಡೆಯುತ್ತಿವೆ ಎಂಬ ಎರಡು ಸಾಲು ಸ್ವಂತದ ಮಾತೇ ಹೆಚ್ಚು ಗಿರಾಕಿಯನ್ನು ತರುತ್ತದೆ. ದೊಡ್ಡ ಕಂಪನಿಯ ತಾಣ ಎಲ್ಲವನ್ನೂ ಕೊಡಬಲ್ಲದು, ಈ ಎರಡು ಸಾಲನ್ನು ಕೊಡಲಾರದು.

ಚಿತ್ರ ಹಗುರ, ಮಾತು ಸರಳ

ಫೋನಿನಲ್ಲಿ ತೆಗೆದ ಒಂದೊಂದು ಫೋಟೊ ನಾಲ್ಕೈದು ಎಂಬಿ ತೂಗುತ್ತದೆ. ಅಂಥ 20 ಫೋಟೊಗಳನ್ನು ಹಾಗೇ ಹಾಕಿದರೆ ಪುಟ 80-100 ಎಂಬಿ ಆಗುತ್ತದೆ. ಹಳ್ಳಿಯ ಸಿಗ್ನಲ್ಲಿನಲ್ಲಿ ಅದು ತೆರೆಯುವಷ್ಟರಲ್ಲಿ ನೋಡುವವರು ಬೇರೆ ತಾಣಕ್ಕೆ ಹೋಗಿರುತ್ತಾರೆ. ಪ್ರತಿ ಚಿತ್ರವನ್ನು 200 ಕೆಬಿ ಸುಮಾರಿಗೆ ಇಳಿಸಿದರೆ ಅದೇ 20 ಚಿತ್ರ 4 ಎಂಬಿಯಲ್ಲಿ ಮುಗಿಯುತ್ತವೆ. ಬಲ್ಬಿನ ಬೆಳಕು ಬೇಡ, ಬಾಗಿಲ ಬಳಿಯ ಹಗಲು ಬೆಳಕು ಸಾಕು. ಪೂರ್ತಿ ಸೀರೆ, ಸೆರಗು, ಅಂಚು ಒಡಲಿಗೆ ಕೂಡುವ ಜಾಗ, ಸೀರೆಯ ಹಿಂಬದಿ ಹೀಗೆ ನಾಲ್ಕು ಚಿತ್ರಗಳಿರಲಿ. ಕೈಮಗ್ಗದ ಕೆಲಸ ಬಲ್ಲವರು ಮೊದಲು ನೋಡುವುದೇ ಹಿಂಬದಿಯನ್ನು. ಪ್ರತಿ ಸೀರೆಗೆ ಒಂದು ನಂಬರು ಕೊಟ್ಟು, ಮಾರಿದ್ದನ್ನು ಅಂದೇ ತೆಗೆಯಬೇಕು. ಇಲ್ಲದ ಸೀರೆ ತೋರಿಸಿ 'ಅದು ಖಾಲಿ ಆಗೇದ' ಎನ್ನುವುದು ಗಿರಾಕಿಯನ್ನು ಬಾಗಿಲ ತನಕ ಕರೆದು ವಾಪಸು ಕಳಿಸಿದಂತೆ.

ಬಹುಪಾಲು ತಾಣಗಳು ಬರೀ ಇಂಗ್ಲಿಷಿನಲ್ಲಿವೆ. ಕೊಳ್ಳುವವರು ಕನ್ನಡ, ತೆಲುಗು, ಮರಾಠಿಯವರು. ಕನಿಷ್ಠ ಒಂದೊಂದು ಪುಟ ಈ ಭಾಷೆಗಳಲ್ಲಿ ಬೇಕು. ಅದನ್ನೂ ಯಂತ್ರದ ಕೈಗೆ ಕೊಟ್ಟು ಕೂರಬಾರದು. ತಿದ್ದದೆ ಬಿಟ್ಟರೆ ಸೀರೆಯ ಅಂಚು 'ಗಡಿ' ಆಗಿ, ಒಡಲು 'ದೇಹ' ಆಗಿ ಬಂದೀತು. ಗಡಿನಾಡಿನ ಸೀರೆಗೆ ಗಡಿ ಒಪ್ಪುತ್ತದೆ ಎಂದು ನಗಬಹುದು, ಆದರೆ ವ್ಯಾಪಾರ ಆಗುವುದಿಲ್ಲ. ಮನೆಯ ಹೆಣ್ಣುಮಕ್ಕಳು ಆಡುವ ಮಾತನ್ನೇ ಬರೆದುಕೊಂಡರೆ ಸಾಕು.

ಗಡಿ ದಾಟುವ ಲೆಕ್ಕ

ಮಕ್ತಲ್‌ನ ಅಂಗಡಿಯವರು ರಾಯಚೂರಿಗೆ ಸೀರೆ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ದೂರದ ಹೈದರಾಬಾದಿಗೆ ಕಳಿಸಿದರೆ ಅದು ಒಂದೇ ರಾಜ್ಯದೊಳಗಿನ ವ್ಯವಹಾರ. ಬೇರೆ ರಾಜ್ಯಕ್ಕೆ ಸರಕು ಮಾರುವವರ ಜಿಎಸ್‌ಟಿ ನೋಂದಣಿಯ ನಿಯಮ ಬೇರೆ ಇದೆ, ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿಯೂ ಇದೆ. ತಾಣದ ಮೂಲಕ ಮಾರಾಟ ಆರಂಭಿಸುವ ಮೊದಲು ಲೆಕ್ಕಪತ್ರ ನೋಡುವವರನ್ನು ಕೇಳುವುದು ಕ್ಷೇಮ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ವಾಪಸಾತಿಯ ಷರತ್ತು, ದೂರು ಕೇಳುವವರ ವಿವರ ತಾಣದಲ್ಲಿ ಇರಬೇಕು. ಇದು ಕಾನೂನು ಮಾತ್ರವಲ್ಲ, ಕಾಣದ ಊರಿಗೆ ಹಣ ಕಳಿಸುವವರಿಗೆ ಧೈರ್ಯವೂ ಹೌದು.

ಇನ್ನೊಂದು ಎಚ್ಚರಿಕೆ. ತಾಣದ ಹೆಸರನ್ನು ಅಂಗಡಿಯ ಯಜಮಾನರ ಹೆಸರಿನಲ್ಲೇ ನೋಂದಾಯಿಸಿ, ಪಾಸ್‌ವರ್ಡನ್ನು ಅವರೇ ಇಟ್ಟುಕೊಳ್ಳಬೇಕು. ಮಾಡಿಕೊಟ್ಟ ಹುಡುಗ ಊರು ಬಿಟ್ಟರೆ, ನವೀಕರಣದ ಹಣ ಕಟ್ಟದೆ ಅವಧಿ ಮೀರಿದರೆ, ಹೆಸರು ಬೇರೆಯವರ ಪಾಲಾಗಬಹುದು.

ಲಾಭ ಮಗ್ಗಕ್ಕೂ ಮುಟ್ಟಲಿ

ಇಷ್ಟೆಲ್ಲ ಮಾಡಿದರೆ ಗಿರಾಕಿ ಹೆಚ್ಚಾದಾರು. ಕೂಲಿ ಹೆಚ್ಚೀತೆ? ಇಲ್ಲಿನ ಅನೇಕ ನೇಕಾರರು ಸಾಹುಕಾರರಿಂದ ನೂಲು ತಂದು, ನೇಯ್ದು ಕೊಟ್ಟು, ಸೀರೆಗಿಷ್ಟು ಎಂದು ಕೂಲಿ ಪಡೆಯುವವರು. ತಾಣ ಸಾಹುಕಾರರದು, ಅದರ ಲಾಭವೂ ಅಲ್ಲೇ ನಿಲ್ಲಬಹುದು. ಹೀಗಾಗಿ ನೇಕಾರರ ಸಹಕಾರ ಸಂಘಗಳೇ ಒಟ್ಟಾಗಿ ಒಂದು ತಾಣ ನಡೆಸಿ, ಪ್ರತಿ ಸೀರೆಯ ಕೆಳಗೆ ನೇಯ್ದವರು ಒಪ್ಪಿದರೆ ಅವರ ಹೆಸರನ್ನೂ ಕೂಲಿಯನ್ನೂ ಹಾಕುವುದು ಒಳ್ಳೆಯ ದಾರಿ. ರಾಯಚೂರು, ನಾರಾಯಣಪೇಟೆ, ಗದ್ವಾಲದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಿಗೆ ಇದು ಒಂದು ರಜೆಯ ಕೆಲಸ. ಎರಡೂ ರಾಜ್ಯಗಳ ಕೈಮಗ್ಗ ಇಲಾಖೆಯವರು ಆಗಸ್ಟ್ 7ರ ಕೈಮಗ್ಗ ದಿನದಂದು ಭಾಷಣದ ಜೊತೆ ಈ ಮಕ್ಕಳನ್ನೂ ನೇಕಾರರನ್ನೂ ಒಂದೆಡೆ ಕೂರಿಸಿದರೆ ಉಪಕಾರವಾದೀತು.

ಸೀರೆ ಚೆನ್ನಾಗಿದೆ, ಹೆಸರಿದೆ, ಕೊಳ್ಳುವ ಕೈಗಳೂ ಇವೆ. ನಡುವೆ ಇರುವುದು ಅಂಗೈಯಗಲದ ಒಂದು ಪರದೆ. ಅದರ ಮೇಲೆ ನಿಜವಾದ ವಿಳಾಸ, ನಿಜವಾದ ಚಿತ್ರ, ನಿಜವಾದ ಬೆಲೆ ಇರುವಂತೆ ನೋಡಿಕೊಳ್ಳುವುದು ನೇಯ್ಗೆಯಷ್ಟು ಕಷ್ಟದ ಕೆಲಸವೇನೂ ಅಲ್ಲ.